ಎರಡು ಅಂಕಿಗಳ ಲೆಕ್ಕ

ಶಿವಮೊಗ್ಗದಲ್ಲಿ ಹೊಸಮನೆ ಎಂಬ ಬಡಾವಣೆಯುಂಟು. ಭದ್ರಾವತಿಯಲ್ಲಿಯೂ ಅದೇ ಹೆಸರಿನದು ಒಂದುಂಟು. ನಾನು ಶಿವಮೊಗ್ಗದ ಹೊಸಮನೆಯಲ್ಲಿ ಬಾಡಿಗೆಗಿದ್ದ ಕಾಲದಲ್ಲಿ ಮಳೆಗಾಲದ ಸಂಜೆಗಳಲ್ಲಿ ದೀಪಗಳು ಮಂಕಾಗುತ್ತಿದ್ದವು. ಬೆಳಗ್ಗೆ ಅರ್ಧ ಗಂಟೆಯಲ್ಲಿ ಕಾಯುತ್ತಿದ್ದ ಸ್ನಾನದ ನೀರು ಸಂಜೆ ಮುಕ್ಕಾಲು ಗಂಟೆ ಕಳೆದರೂ ಹದಕ್ಕೆ ಬರುತ್ತಿರಲಿಲ್ಲ. ಹೀಟರು ಕೆಟ್ಟಿತೆಂದು ಮನೆಯವರು ತೀರ್ಮಾನಿಸಿದರು. ಅದು ಕೆಟ್ಟಿರಲಿಲ್ಲ. ಇದನ್ನು ತಿಳಿಯಲು ಎರಡು ಅಂಕಿಗಳು ಸಾಕಾಗಿದ್ದವು.

ವಿದ್ಯುತ್ತನ್ನು ತಂತಿಯಲ್ಲಿ ತಳ್ಳುವ ಒತ್ತಡಕ್ಕೆ ವಿಭವಾಂತರವೆಂದು ಹೆಸರು. ಅದರ ಅಳತೆ ವೋಲ್ಟ್. ಹರಿಯುವ ಪ್ರವಾಹದ ಅಳತೆ ಆಂಪಿಯರ್. ಈ ಹರಿವಿಗೆ ತಂತಿಯು ಒಡ್ಡುವ ಅಡ್ಡಿಯೇ ರೋಧ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧವು ಓಮ್‌ಗಳಲ್ಲಿ ದೊರೆಯುತ್ತದೆ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯವು ವ್ಯಾಟ್‌ಗಳಲ್ಲಿ ದೊರೆಯುತ್ತದೆ.

ನಮ್ಮ ಹೀಟರು 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತಿತ್ತು. ಭಾಗಿಸಿದರೆ ರೋಧ 46 ಓಮ್. ಗುಣಿಸಿದರೆ ಸಾಮರ್ಥ್ಯ 1150 ವ್ಯಾಟ್. ಸಂಜೆ ಒತ್ತಡವು 184 ವೋಲ್ಟಿಗೆ ಇಳಿಯಿತೆನ್ನಿ. ಹೀಟರಿನೊಳಗಿನ ಸುರುಳಿ ಅದೇ. ಅದರ ರೋಧ ಹೆಚ್ಚುಕಡಿಮೆ 46 ಓಮ್ ಆಗಿಯೇ ಉಳಿಯುತ್ತದೆ. ಆಗ ಪ್ರವಾಹ 4 ಆಂಪಿಯರ್, ಸಾಮರ್ಥ್ಯ 736 ವ್ಯಾಟ್. ಒತ್ತಡ ಕುಗ್ಗಿದ್ದು ಐದನೆಯ ಒಂದು ಪಾಲು. ಶಾಖ ಕುಗ್ಗಿದ್ದು ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಒತ್ತಡ ಇಳಿದಾಗ ಪ್ರವಾಹವೂ ಇಳಿಯುವುದರಿಂದ ಗುಣಾಕಾರದಲ್ಲಿ ನಷ್ಟವು ಎರಡು ಸಲ ಸೇರುತ್ತದೆ. (ಫ್ಯಾನು, ಪಂಪುಗಳ ಲೆಕ್ಕಕ್ಕೆ ಇನ್ನೊಂದು ಅಂಶವೂ ಬೇಕು, ಕಾಯಿಸುವ ಉಪಕರಣಗಳಿಗೆ ಇಷ್ಟೇ ಸಾಕು.)

ವಿಭವಾಂತರ, ಪ್ರವಾಹ, ರೋಧಗಳ ಈ ಸಂಬಂಧವನ್ನು 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಜರ್ಮನಿಯ ಓಮ್ ನನ್ನಂತೆಯೇ ಶಾಲೆಯಲ್ಲಿ ಪಾಠ ಹೇಳಿದವನು. ಸ್ವದೇಶದಲ್ಲಿ ಅವನಿಗೆ ಕೂಡಲೇ ಮನ್ನಣೆ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕವನ್ನಿತ್ತು ಗೌರವಿಸಿತು.

ಪ್ರವಾಹವು ಹರಿಯುವಾಗ ಹೀಟರಿನ ಸುರುಳಿಯಷ್ಟೇ ಅಲ್ಲ, ದಾರಿಯ ತಂತಿಯೂ ಕಾಯುತ್ತದೆ. ಆ ಶಾಖವನ್ನು ತಿಳಿಯಲು ಪ್ರವಾಹದ ವರ್ಗವನ್ನು ತಂತಿಯ ರೋಧದಿಂದ ಗುಣಿಸಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದವರು ಒತ್ತಡವನ್ನು ಹತ್ತಾರು ಸಾವಿರ ವೋಲ್ಟುಗಳಿಗೆ ಏರಿಸಿದ್ದು ಇದಕ್ಕಾಗಿಯೇ. ಸರಳವಾದ ಒಂದು ಲೆಕ್ಕ ಹಾಕೋಣ. 30 ಲಕ್ಷ ವ್ಯಾಟನ್ನು 300 ವೋಲ್ಟಿನಲ್ಲಿ ಕಳುಹಿಸಲು 10,000 ಆಂಪಿಯರ್ ಹರಿಯಬೇಕು. 30,000 ವೋಲ್ಟಿನಲ್ಲಾದರೆ 100 ಆಂಪಿಯರ್ ಸಾಕು. ಪ್ರವಾಹ ನೂರನೆಯ ಒಂದು ಪಾಲಾದರೆ ಅದೇ ತಂತಿಯಲ್ಲಿ ಪೋಲಾಗುವ ಶಾಖ ಹತ್ತು ಸಾವಿರದ ಒಂದು ಪಾಲಾಗುತ್ತದೆ.

ಇಷ್ಟೆಲ್ಲ ಬಲ್ಲ ನಾನೇ ಒಮ್ಮೆ ವರ್ಗದ ಲೆಕ್ಕವನ್ನು ಮರೆತೆ. ಹಬ್ಬದ ಹಿಂದಿನ ರಾತ್ರಿ 5 ಆಂಪಿಯರಿನ ಫ್ಯೂಸ್ ತಂತಿ ಕರಗಿಹೋಯಿತು. ಅಂಗಡಿಗಳು ಮುಚ್ಚಿದ್ದವು, ದಪ್ಪನೆಯ ತಾಮ್ರದ ತಂತಿಯೊಂದನ್ನು ಅದರ ಸ್ಥಾನದಲ್ಲಿ ಸುತ್ತಿಬಿಟ್ಟೆ. ಹೀಟರಿನ ಜೊತೆಗೆ 3 ಆಂಪಿಯರ್ ಎಳೆಯುವ ಇಸ್ತ್ರಿಪೆಟ್ಟಿಗೆಯನ್ನೂ ಹಚ್ಚಿದ್ದರು. ಒಟ್ಟು 8 ಆಂಪಿಯರ್. ಐದರ ವರ್ಗ 25, ಎಂಟರ ವರ್ಗ 64. ಗೋಡೆಯ ಹಳೆಯ ತಂತಿಯಲ್ಲಿ ಎರಡೂವರೆ ಪಟ್ಟಿಗೂ ಮೀರಿದ ಶಾಖ! ಸ್ವಲ್ಪ ಹೊತ್ತಿನಲ್ಲಿ ರಬ್ಬರು ಸುಟ್ಟ ವಾಸನೆ ಮನೆಯನ್ನೆಲ್ಲ ತುಂಬಿತು. ಓಡಿಹೋಗಿ ಮೈನ್ ಸ್ವಿಚ್ಚನ್ನು ಆರಿಸಿದೆ. ಸೀಮೆಎಣ್ಣೆ ದೀಪ ಹಚ್ಚಿಕೊಂಡು ತಾಮ್ರದ ತಂತಿಯನ್ನು ಬಿಚ್ಚಿ ತೆಗೆದೆ. ಆ ಹಬ್ಬಕ್ಕೆ ನಾವು ಸೌದೆಯೊಲೆಯ ನೀರಿನಲ್ಲೇ ಸ್ನಾನ ಮಾಡಿದೆವು.