ದೈವಮರುಳರ ಚರಿತ್ರೆಯಲ್ಲಿ ಆಟಿಸಂನ ಹುಡುಕಾಟ

ಮಧ್ಯಯುಗದ ಸಂತರಲ್ಲಿ ಕೆಲವರ ನಡೆನುಡಿಗೂ, ಇಂದು ಆಟಿಸಂ ಅಥವಾ ಸ್ವಲೀನತೆ ಎಂದು ಗುರುತಿಸಲಾಗುವ ನರಬೆಳವಣಿಗೆಯ ಭಿನ್ನತೆಗೂ ನಂಟಿರಬಹುದೆಂಬ ವಿಚಾರ ವಿದ್ವತ್ ವಲಯದಲ್ಲಿ ಗಂಭೀರ ಚರ್ಚೆಗೆ ಬಂದದ್ದು 1974ರಲ್ಲಿ. ಆ ವರ್ಷ ನತಾಲಿಯಾ ಚಾಲಿಸ್ ಮತ್ತು ಹೊರೇಸ್ ಡ್ಯೂಯಿ ಎಂಬ ಅಮೆರಿಕದ ವಿದ್ವಾಂಸರು ಪೂರ್ವ ಯುರೋಪಿನ ಇತಿಹಾಸಕ್ಕೆ ಮೀಸಲಾದ ಜರ್ಮನಿಯ ಪತ್ರಿಕೆಯೊಂದರಲ್ಲಿ ಹಳೆಯ ರಷ್ಯಾದ ‘ಯುರೋದಿವಿ’ಗಳ ಬಗ್ಗೆ ಲೇಖನ ಬರೆದರು. ಇವರು ವೈದ್ಯರಲ್ಲ, ಸ್ಲಾವಿಕ್ ಭಾಷೆ ಮತ್ತು ಇತಿಹಾಸವನ್ನು ಅಭ್ಯಾಸ ಮಾಡಿದವರು. ಸಂತಚರಿತ್ರೆಗಳಲ್ಲಿ ಪವಾಡವೆಂದು ದಾಖಲಾದ ಹಲವು ನಡವಳಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅವು ಆಟಿಸಂ ಇರುವವರ ನಡವಳಿಕೆಯನ್ನು ಹೋಲುತ್ತವೆ ಎಂಬುದು ಅವರ ವಾದದ ತಿರುಳಾಗಿತ್ತು.

ಯುರೋದಿವಿ ಎಂದರೆ ಕ್ರಿಸ್ತನಿಗಾಗಿ ಮರುಳಾದವನು. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದ ಒಂದು ಮಾತನ್ನು ಆಧಾರವಾಗಿ ಹಿಡಿದು ಬೆಳೆದ ಈ ಸಂತಪರಂಪರೆ ಮೊದಲು ಈಜಿಪ್ಟಿನ ಮಠಗಳಲ್ಲಿ ಕಾಣಿಸಿಕೊಂಡು, ಸಿರಿಯಾ ಮತ್ತು ಬೈಜಾಂಟಿಯಮ್‌ಗಳನ್ನು ದಾಟಿ, 14ರಿಂದ 17ನೇ ಶತಮಾನದವರೆಗೆ ರಷ್ಯಾದಲ್ಲಿ ಬೇರೆಲ್ಲೂ ಇಲ್ಲದಷ್ಟು ಬಲವಾಗಿ ನೆಲೆಯೂರಿತು. ಮಾಸ್ಕೋದ ಕೆಂಪು ಚೌಕದಲ್ಲಿ 1555ರಿಂದ 1561ರ ನಡುವೆ ಕಟ್ಟಿದ, ಬಣ್ಣಬಣ್ಣದ ಗುಮ್ಮಟಗಳ ಚರ್ಚನ್ನು ಲೋಕವೆಲ್ಲ ಇಂದು ಕರೆಯುವುದು ಅದನ್ನು ಕಟ್ಟಿಸಿದ ರಾಜನ ಹೆಸರಿನಿಂದಲ್ಲ. ಅದರ ಪಕ್ಕದಲ್ಲಿ ಸಮಾಧಿಯಾದ ವಾಸಿಲಿ ಎಂಬ ಬೆತ್ತಲೆ ಸಂತನ ಹೆಸರಿನಿಂದ. 1588ರಲ್ಲಿ ಅವನ ಸಮಾಧಿಯ ಮೇಲೆ ಪ್ರತ್ಯೇಕ ಗುಡಿಯೊಂದನ್ನು ಸೇರಿಸಲಾಯಿತು. ಅದೇ ವರ್ಷ ಇಂಗ್ಲೆಂಡಿನ ರಾಣಿಯ ರಾಯಭಾರಿಯಾಗಿ ಮಾಸ್ಕೋಗೆ ಹೋದ ಜೈಲ್ಸ್ ಫ್ಲೆಚರ್, 1591ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇಂಥವರನ್ನು ಕಣ್ಣಾರೆ ಕಂಡಂತೆ ವರ್ಣಿಸಿದ್ದಾನೆ: ಸೊಂಟಕ್ಕೊಂದು ಬಟ್ಟೆಯ ತುಂಡು ಬಿಟ್ಟರೆ ಮೈಮೇಲೆ ಏನೂ ಇಲ್ಲ, ಕೆದರಿದ ಕೂದಲು ಹೆಗಲ ಮೇಲೆ ಜೋತುಬಿದ್ದಿದೆ, ಕೊರಳಿಗೋ ನಡುವಿಗೋ ಕಬ್ಬಿಣದ ಸರಪಳಿ, ಕಡುಚಳಿಗಾಲದಲ್ಲೂ ಅದೇ ವೇಷ. ಅವರು ಯಾವ ಅಂಗಡಿಗೆ ಹೊಕ್ಕು ಏನನ್ನು ಎತ್ತಿಕೊಂಡರೂ ಅಂಗಡಿಯವನು ದುಡ್ಡು ಕೇಳುತ್ತಿರಲಿಲ್ಲ, ಬದಲಿಗೆ ತನ್ನ ಭಾಗ್ಯವೆಂದು ಭಾವಿಸುತ್ತಿದ್ದ. ರಾಜನ ಎದುರು ನಿಂತು ಸತ್ಯ ಹೇಳುವ ಸಲುಗೆಯೂ ಅವರಿಗಿತ್ತು. 1570ರಲ್ಲಿ ಪ್ಸ್ಕೋವ್ ನಗರವನ್ನು ನಾಶಮಾಡಲು ಬಂದ ಕ್ರೂರಿ ದೊರೆ ಇವಾನನಿಗೆ ನಿಕೋಲಾ ಎಂಬ ಮರುಳ ಸಂತ ಉಪವಾಸದ ದಿನಗಳಲ್ಲಿ ಹಸಿಮಾಂಸದ ತುಂಡನ್ನು ನೀಡಿ, ಮನುಷ್ಯರ ರಕ್ತ ಕುಡಿಯುವವನಿಗೆ ಮಾಂಸದ ನೇಮವೇಕೆಂದು ಹಂಗಿಸಿದನೆಂಬ ಐತಿಹ್ಯವಿದೆ.

ಬರಿಮೈಗೆ ತಾಗದ ಚಳಿ, ನೋವಿನ ಬಗ್ಗೆ ನಿರ್ಲಕ್ಷ್ಯ, ಮೌನ ಇಲ್ಲವೇ ಅರ್ಥಕ್ಕೆ ನಿಲುಕದ ಮಾತು, ಎದುರಿಗಿರುವವನು ದೊರೆಯೋ ತಿರುಕನೋ ಎಂಬ ಭೇದವಿಲ್ಲದ ನೇರ ನಡೆ, ಮನೆಮಾರು ಬೇಡದ ಒಂಟಿತನ ಇವೆಲ್ಲ ಚಾಲಿಸ್ ಮತ್ತು ಡ್ಯೂಯಿಯವರ ಗಮನ ಸೆಳೆದ ಅಂಶಗಳು. ಆ ಹೊತ್ತಿಗೆ ಆಟಿಸಂ ಎಂಬ ವೈದ್ಯಕೀಯ ಪರಿಕಲ್ಪನೆಗೆ ಹೆಚ್ಚು ವಯಸ್ಸಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಸ್ಕಿಜೋಫ್ರೀನಿಯಾ ರೋಗಿಗಳು ತಮ್ಮೊಳಗೇ ಮುದುಡಿಕೊಳ್ಳುವುದನ್ನು ಸೂಚಿಸಲು ಬಳಸಿದ ಈ ಹೆಸರನ್ನು, 1943ರಲ್ಲಿ ಬಾಲ್ಟಿಮೋರ್‌ನ ಲಿಯೋ ಕ್ಯಾನರ್ 11 ಮಕ್ಕಳ ವಿವರವಾದ ವರದಿಯಲ್ಲಿ ಹೊಸ ಅರ್ಥದಲ್ಲಿ ಬಳಸಿದರು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಮಾತು ಬಲ್ಲ, ಆದರೆ ಬೆರೆಯಲಾರದ ಹುಡುಗರ ಬಗ್ಗೆ ಬರೆದರು. ಇವರಿಬ್ಬರಿಗೂ ಮೊದಲೇ, 1925ರಲ್ಲಿ, ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ ಅಂಥದೇ ಆರು ಹುಡುಗರನ್ನು ಬಹಳ ಸೂಕ್ಷ್ಮವಾಗಿ ವರ್ಣಿಸಿದ್ದರು; ಮರುಳ ಸಂತರ ಊರಿನಲ್ಲೇ ನಡೆದ ಆ ಕೆಲಸ ದಶಕಗಳ ಕಾಲ ಮರೆತುಹೋಗಿದ್ದು ವಿಜ್ಞಾನದ ಚರಿತ್ರೆಯ ದೊಡ್ಡ ಅನ್ಯಾಯಗಳಲ್ಲಿ ಒಂದು. ಶಬ್ದ, ಸ್ಪರ್ಶ, ನೋವು, ತಾಪಮಾನಗಳಿಗೆ ಮೈ ಅತಿಯಾಗಿ ಸ್ಪಂದಿಸುವುದು ಇಲ್ಲವೇ ಸ್ಪಂದಿಸದೇ ಇರುವುದು ಆಟಿಸಂನ ಲಕ್ಷಣಗಳ ಅಧಿಕೃತ ಪಟ್ಟಿಗೆ ಸೇರಿದ್ದು 2013ರಲ್ಲಿ. ಹಿಮದ ಮೇಲೆ ಬರಿಗಾಲಲ್ಲಿ ನಡೆಯುವ ಯುರೋದಿವಿಯ ಚಿತ್ರ ಆ ಪಟ್ಟಿಯ ಪಕ್ಕದಲ್ಲಿ ಮತ್ತಷ್ಟು ಅರ್ಥಪೂರ್ಣವಾಗಿ ಕಂಡದ್ದು ಸಹಜವೇ.

ಈ ಊಹೆಯನ್ನು ಇತಿಹಾಸಕಾರರ ವಲಯದಿಂದ ಹೊರತಂದು ಸಾಮಾನ್ಯ ಓದುಗರಿಗೆ ತಲುಪಿಸಿದವರು ಲಂಡನ್ನಿನ ಮನೋವಿಜ್ಞಾನಿ ಊಟಾ ಫ್ರಿತ್. ಆಟಿಸಂ ಕುರಿತು 1989ರಲ್ಲಿ ಪ್ರಕಟವಾದ ಅವರ ಪುಸ್ತಕ ರಷ್ಯಾದ ಮರುಳರ ಜೊತೆಗೆ ಸಂತ ಫ್ರಾನ್ಸಿಸ್‌ನ ಸಂಗಡಿಗ ಜೂನಿಪರ್‌ನ ಕತೆಗಳನ್ನೂ ಕೈಗೆತ್ತಿಕೊಂಡಿತು. 1258ರಲ್ಲಿ ತೀರಿಕೊಂಡ ಈ ಇಟಲಿಯ ಸನ್ಯಾಸಿಯ ಕತೆಗಳು ನಿಜಕ್ಕೂ ನಿಂತು ಓದುವಂಥವು. ಕಾಯಿಲೆ ಬಿದ್ದ ಸಹೋದರನೊಬ್ಬ ಹಂದಿಯ ಕಾಲು ತಿನ್ನುವ ಆಸೆ ತೋಡಿಕೊಂಡಾಗ ಜೂನಿಪರ್ ಅಡುಗೆಮನೆಯ ಚೂರಿ ಹಿಡಿದು ಕಾಡಿಗೆ ಹೋಗಿ, ಮೇಯುತ್ತಿದ್ದ ಜೀವಂತ ಹಂದಿಯ ಕಾಲನ್ನು ಕತ್ತರಿಸಿ ತಂದು ಬೇಯಿಸಿ ಬಡಿಸುತ್ತಾನೆ. ಹಂದಿಯ ಒಡೆಯ ಉರಿದುಬಿದ್ದಾಗ ಇಷ್ಟು ಒಳ್ಳೆಯ ಕೆಲಸಕ್ಕೆ ಇವನೇಕೆ ಸಿಟ್ಟಾದನೆಂಬುದೇ ಅವನಿಗೆ ತಿಳಿಯುವುದಿಲ್ಲ. ಅಡುಗೆಯ ಪಾಳಿ ಬಂದಾಗ, ದಿನವೂ ಬೇಯಿಸುತ್ತ ಕೂತರೆ ಪ್ರಾರ್ಥನೆಗೆ ಹೊತ್ತೆಲ್ಲಿ ಎಂದು ಎರಡು ವಾರಕ್ಕೆ ಆಗುವಷ್ಟನ್ನು ಒಂದೇ ಸಲ ಒಲೆಗೇರಿಸುತ್ತಾನೆ, ಕೋಳಿಯನ್ನು ಪುಕ್ಕದ ಸಮೇತ. ರೋಮ್ ನಗರದ ಹೊರಗೆ ಜನ ಅವನ ದರ್ಶನಕ್ಕೆಂದು ಸಾಲುಗಟ್ಟಿ ಬಂದಾಗ ಮಕ್ಕಳು ಆಡುತ್ತಿದ್ದ ಏತಪಾತದ ಹಲಗೆಯ ಮೇಲೆ ಕುಳಿತು, ಬಂದವರು ಬೇಸತ್ತು ಹಿಂದಿರುಗುವವರೆಗೂ ಮೇಲೆ ಕೆಳಗೆ ಆಡುತ್ತಲೇ ಇರುತ್ತಾನೆ. ಮಾತನ್ನು ಅಕ್ಷರಶಃ ಹಿಡಿಯುವುದು, ಎದುರಿನವನ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲಾರದಿರುವುದು, ಒಂದೇ ಚಲನೆಯಲ್ಲಿ ತಲ್ಲೀನನಾಗುವುದು, ಇವನ್ನೆಲ್ಲ ಫ್ರಿತ್ ಆಟಿಸಂನ ಬೆಳಕಿನಲ್ಲಿ ಓದಿದರು. ಫ್ರಾನ್ಸಿಸ್ಕನ್ ಸನ್ಯಾಸಿಗಳು ಇದೇ ಕತೆಗಳನ್ನು ವಿನಯದ ಪರಾಕಾಷ್ಠೆಯೆಂದು ಶತಮಾನಗಳಿಂದ ಓದುತ್ತ ಬಂದಿದ್ದರು.

ಇಲ್ಲಿಯೇ ತೊಡಕು ಎದುರಾಗುತ್ತದೆ. ಸಂತಚರಿತ್ರೆ ರೋಗಿಯ ಕೇಸ್ ಶೀಟ್ ಅಲ್ಲ. ಅದು ನಿಯಮಬದ್ಧವಾದ ಸಾಹಿತ್ಯಪ್ರಕಾರ. 5ನೇ ಶತಮಾನದ ಆರಂಭದಲ್ಲಿ ಪಲ್ಲಾಡಿಯಸ್ ಎಂಬ ಲೇಖಕ ಈಜಿಪ್ಟಿನ ತಬೆನ್ನಿಸಿಯ ಮಠದಲ್ಲಿದ್ದ ಒಬ್ಬ ಸನ್ಯಾಸಿನಿಯ ಬಗ್ಗೆ ಬರೆದಿದ್ದಾನೆ. ತಲೆಗೆ ಚಿಂದಿ ಸುತ್ತಿಕೊಂಡು, ಅಡುಗೆಮನೆಯ ಕೆಲಸ ಮಾಡಿಕೊಂಡು, ಉಳಿದವರು ಬಿಟ್ಟ ಚೂರುಪಾರು ತಿಂದು ಬದುಕುತ್ತಿದ್ದ ಆಕೆಯನ್ನು ಎಲ್ಲರೂ ಹುಚ್ಚಿಯೆಂದು ಹೀಗಳೆಯುತ್ತಿದ್ದರು. ಆದರೆ ಆಕೆ ಹುಚ್ಚನ್ನು ನಟಿಸುತ್ತಿದ್ದಳೆಂದು ಪಲ್ಲಾಡಿಯಸ್ ಸ್ಪಷ್ಟವಾಗಿ ಹೇಳುತ್ತಾನೆ. ಸತ್ತ ನಾಯಿಯನ್ನು ಎಳೆದುಕೊಂಡು ಸಿರಿಯಾದ ಎಮೆಸಾ ನಗರ ಹೊಕ್ಕ ಮರುಳ ಸಂತ ಸಿಮಿಯೋನ್ ಕೂಡ ತನ್ನ ಆಪ್ತನೊಬ್ಬನ ಎದುರು ಮಾತ್ರ ಸಂಪೂರ್ಣ ಸ್ವಸ್ಥನಂತೆ ಮಾತಾಡುತ್ತಿದ್ದನೆಂದು ಅವನ ಚರಿತ್ರೆಕಾರ ಲಿಯೋಂಟಿಯಸ್ ದಾಖಲಿಸುತ್ತಾನೆ. ಹುಚ್ಚು ನಿಜವಾಗಿದ್ದರೆ ಅದರಲ್ಲಿ ಸಾಧನೆಯಿಲ್ಲ, ನಟನೆಯಾಗಿದ್ದರೆ ಮಾತ್ರ ಅದು ತಪಸ್ಸು, ಇದು ಆ ಪರಂಪರೆಯ ಅಡಿಪಾಯ. ರಷ್ಯಾದ ವಿದ್ವಾಂಸ ಸೆರ್ಗೈ ಇವಾನೋವ್ ಬೈಜಾಂಟಿಯಮ್ ಮತ್ತು ರಷ್ಯಾದ ಮರುಳ ಸಂತರ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಹುಡುಕುವುದು ಆ ವ್ಯಕ್ತಿಗಳ ಮನಸ್ಸನ್ನಲ್ಲ. ಇಂಥ ಸಂತನೊಬ್ಬ ಬೇಕೆಂದು ಬಯಸಿದ ಸಮಾಜದ ಕಲ್ಪನೆಯನ್ನು.

ಸಮಕಾಲೀನ ಸಾಕ್ಷ್ಯವಿರುವ ಕಡೆಯೂ ಚಿತ್ರ ಸರಳವಾಗುವುದಿಲ್ಲ. 459ರಲ್ಲಿ ನಿಧನನಾದ ಸಿರಿಯಾದ ಇನ್ನೊಬ್ಬ ಸಿಮಿಯೋನ್, ಅಲೆಪ್ಪೋ ಬಳಿಯ ಬೆಟ್ಟದಲ್ಲಿ ಕಂಬದ ತುದಿಯ ಮೇಲೆ ಮೂರೂವರೆ ದಶಕಗಳಿಗೂ ಹೆಚ್ಚು ಕಾಲ ಬಿಸಿಲುಮಳೆಗೆ ಮೈಯೊಡ್ಡಿ ನಿಂತಿದ್ದ. ಅವನು ಬದುಕಿದ್ದಾಗಲೇ ಅವನ ಬಗ್ಗೆ ಬರೆದ ಬಿಷಪ್ ಥಿಯೋಡೊರೆಟ್ ಒಂದು ವಿವರ ಕೊಡುತ್ತಾನೆ. ಸಿಮಿಯೋನ್ ಹಣೆ ಕಾಲ್ಬೆರಳಿಗೆ ತಾಗುವಂತೆ ಮತ್ತೆ ಮತ್ತೆ ಬಾಗಿ ನಮಿಸುವುದನ್ನು ಥಿಯೋಡೊರೆಟ್ ಜೊತೆಗಿದ್ದವನೊಬ್ಬ ಎಣಿಸಲು ತೊಡಗಿ, 1,244ಕ್ಕೆ ತಲುಪಿದಾಗ ಸೋತು ಲೆಕ್ಕ ಬಿಟ್ಟನಂತೆ. ಒಂದೇ ಚಲನೆಯ ಈ ಪುನರಾವರ್ತನೆಯನ್ನು ಕಂಡು ಆಟಿಸಂನ ನೆನಪಾಗುವುದು ಕಷ್ಟವಲ್ಲ. ಆದರೆ ಅದೇ ಬರಹದ ಪ್ರಕಾರ ಸಿಮಿಯೋನ್ ದಿನವೂ ಜನರಿಗೆ ಉಪದೇಶ ಮಾಡುತ್ತಿದ್ದ, ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದ, ಬಂದವರನ್ನು ಪ್ರೀತಿಯಿಂದ ಮಾತಾಡಿಸುತ್ತಿದ್ದ. ಲಕ್ಷಣವೊಂದನ್ನು ಆರಿಸಿಕೊಂಡು ಉಳಿದದ್ದನ್ನು ಕೈಬಿಟ್ಟರೆ ಯಾವ ಸಂತನಿಗೆ ಬೇಕಾದರೂ ಯಾವ ರೋಗನಿರ್ಣಯ ಬೇಕಾದರೂ ಮಾಡಬಹುದು.

ಸಂತತ್ವ ಮತ್ತು ರೋಗನಿರ್ಣಯ ಎರಡೂ ಒಬ್ಬನ ಮೈಮೇಲೆಯೇ ಬಂದು ಕೂತ ಉದಾಹರಣೆ 19ನೇ ಶತಮಾನದ ಮಾಸ್ಕೋದಲ್ಲಿ ಸಿಗುತ್ತದೆ. ಇವಾನ್ ಯಾಕೊವ್ಲೆವಿಚ್ ಕೊರೈಶಾ 1817ರಿಂದ 1861ರಲ್ಲಿ ಸಾಯುವವರೆಗೂ ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿದ್ದ. ಗುಂಡುಕಲ್ಲು ಹಿಡಿದು ಗಾಜು, ಮೂಳೆ, ಕಲ್ಲುಗಳನ್ನು ಪುಡಿ ಮಾಡುತ್ತ ಕುಳಿತಿರುತ್ತಿದ್ದ ಅವನ ಬಳಿಗೆ ವರ್ತಕರೂ ಸಿರಿವಂತ ಹೆಂಗಸರೂ ಭವಿಷ್ಯ ಕೇಳಲು ಬರುತ್ತಿದ್ದರು. ವೈದ್ಯರಿಗೆ ಅವನು ರೋಗಿ, ಭಕ್ತರಿಗೆ ದಾರ್ಶನಿಕ, ಪತ್ರಕರ್ತ ಪ್ರಿಝೋವ್‌ಗೆ ಢೋಂಗಿ, ದಸ್ತಯೇವ್‌ಸ್ಕಿಗೆ ಕಾದಂಬರಿಯೊಂದರ ಪಾತ್ರ. ಅವನಿಗೆ ಸ್ವತಃ ಏನನ್ನಿಸುತ್ತಿತ್ತೆಂಬುದನ್ನು ಈ ನಾಲ್ವರಲ್ಲಿ ಯಾರೂ ಕೇಳಿದಂತೆ ಕಾಣುವುದಿಲ್ಲ.

ಹೀಗಾಗಿ ಪ್ರಸಿದ್ಧ ಸಂತರ ರೋಗನಿರ್ಣಯಕ್ಕಿಂತ ಹೆಚ್ಚು ಫಲ ಕೊಡಬಲ್ಲದ್ದು ಮಠವೆಂಬ ವ್ಯವಸ್ಥೆಯ ಪರಿಶೀಲನೆ. 6ನೇ ಶತಮಾನದ ಬೆನಡಿಕ್ಟ್‌ನ ನಿಯಮಾವಳಿ ಏಳುವ ಹೊತ್ತು, ಹಾಡುವ ಕೀರ್ತನೆ, ಉಣ್ಣುವ ಪ್ರಮಾಣ, ಸುಮ್ಮನಿರುವ ವೇಳೆ ಎಲ್ಲವನ್ನೂ ಗೊತ್ತುಮಾಡಿತ್ತು. 1084ರಲ್ಲಿ ಬ್ರೂನೋ ಸ್ಥಾಪಿಸಿದ ಕಾರ್ತೂಸಿಯನ್ ಪಂಥದಲ್ಲಂತೂ ಪ್ರತಿ ಸನ್ಯಾಸಿಗೂ ಒಂಟಿ ಕೋಣೆ, ಊಟವನ್ನು ಗೋಡೆಯಲ್ಲಿದ್ದ ಸಣ್ಣ ಕಿಂಡಿಯ ಮೂಲಕ ಒಳಗಿಡುವ ಏರ್ಪಾಟು. ಅನಿರೀಕ್ಷಿತವಾದದ್ದನ್ನೂ ಅನವಶ್ಯಕ ಹರಟೆಯನ್ನೂ ಸಹಿಸಲಾರದ, ದಿನಚರಿಯ ಕಟ್ಟುನಿಟ್ಟಿನಲ್ಲಿ ನೆಮ್ಮದಿ ಕಾಣುವ ಮನಸ್ಸಿಗೆ ಇಂಥ ಬದುಕು ಹೊರಗಿನ ಲೋಕಕ್ಕಿಂತ ಹಗುರವಾಗಿತ್ತೆಂದು ಊಹಿಸುವುದರಲ್ಲಿ ಅತಿಶಯವಿಲ್ಲ. ಈ ಚಿತ್ರಕ್ಕೆ ನೋವಿನ ಇನ್ನೊಂದು ಮುಖವೂ ಇದೆ. ಮಕ್ಕಳನ್ನು ಚಿಕ್ಕಂದಿನಲ್ಲೇ ಮಠಕ್ಕೆ ಅರ್ಪಿಸುವ ಪದ್ಧತಿ ಇದ್ದ ಆ ಕಾಲದಲ್ಲಿ, 11ನೇ ಶತಮಾನದ ಕೊನೆಗೆ ಕ್ಲೂನಿ ಮಠದ ಆಚರಣೆಗಳನ್ನು ಬರೆದಿಟ್ಟ ಉಲ್ರಿಚ್, ಮನೆತುಂಬ ಮಕ್ಕಳಿರುವ ತಂದೆತಾಯಿ ಕುಂಟ, ಕುರುಡ, ಕಿವುಡ ಮಕ್ಕಳನ್ನು ಆರಿಸಿ ದೇವರಿಗೆ ಒಪ್ಪಿಸುತ್ತಾರೆಂದು ಕಟುವಾಗಿ ದೂರಿದ್ದಾನೆ. ಹೆಸರಿಲ್ಲದ ಆ ಮಕ್ಕಳಲ್ಲಿ ಮಾತು ಬಾರದವರೂ ಕಣ್ಣಿಗೆ ಕಣ್ಣು ಕೂಡಿಸದವರೂ ಇದ್ದಿರಲೇಬೇಕು. ಅವರ ಪಾಲಿಗೆ ಮಠ ಆಸರೆಯೂ ಹೌದು, ಮನೆಯವರು ಕೈಬಿಟ್ಟ ಜಾಗವೂ ಹೌದು. ಅವರ ಸನ್ಯಾಸ ಅವರ ಆಯ್ಕೆಯಾಗಿರಲಿಲ್ಲ.

ಕನ್ನಡ ಓದುಗರಿಗೆ ಈ ಚರ್ಚೆ ತೀರ ದೂರದ್ದೇನಲ್ಲ. ಭಾಗವತದ ಐದನೆಯ ಸ್ಕಂಧದ ಜಡಭರತ ಮೂಗನಂತೆ, ಮಂದಬುದ್ಧಿಯವನಂತೆ ಇದ್ದು, ರಾಜ ರಹೂಗಣನ ಪಲ್ಲಕ್ಕಿ ಹೊರುವಾಗ ನೆಲದ ಜೀವಿಗಳನ್ನು ತುಳಿಯಬಾರದೆಂದು ಹೆಜ್ಜೆ ನೋಡಿ ಇಡುತ್ತ ಉಳಿದ ಬೋಯಿಗಳ ನಡಿಗೆಗೆ ಹೊಂದದೆ ಬೈಸಿಕೊಳ್ಳುತ್ತಾನೆ. ಶೈವರ ಪಾಶುಪತಸೂತ್ರ ಸಾಧಕನಿಗೆ ಜನರ ನಡುವೆ ನಡುಗುವುದನ್ನೂ ಕುಂಟುವುದನ್ನೂ ಹುಚ್ಚನಂತೆ ವರ್ತಿಸಿ ಅವಮಾನ ಗಳಿಸುವುದನ್ನೂ ವಿಧಿಯಾಗಿಯೇ ಹೇಳುತ್ತದೆ. ಅಲ್ಲೂ ಹುಚ್ಚು ಬೇಕೆಂದೇ ತಾಳಿದ ವೇಷ. ಅದೇ ಪಾಶುಪತರ ಲಕುಲೀಶ ಪರಂಪರೆಗೆ ಸೇರಿದ ಕಾಳಾಮುಖರ ಪ್ರಸಿದ್ಧ ಕೇಂದ್ರವಾಗಿದ್ದ ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನವು ವಿದ್ಯಾಸ್ಥಾನವೆಂದು ಹೊಗಳುವುದರ ಜೊತೆಗೆ ಅನಾಥರಿಗೂ ಕುಂಟ, ಕುರುಡ, ಕಿವುಡರಿಗೂ ಅನ್ನ ನೀಡುವ, ರೋಗಿಗಳಿಗೆ ಚಿಕಿತ್ಸೆ ಕೊಡುವ ಸ್ಥಳವೆಂದೂ ಬಣ್ಣಿಸುತ್ತದೆ. ಉಲ್ರಿಚ್ ಹೊರೆಯೆಂದು ದೂರಿದ್ದನ್ನು ಬಳ್ಳಿಗಾವೆಯ ಶಾಸನ ಮಠದ ಹಿರಿಮೆಯೆಂದು ಎಣಿಸಿದ್ದು ಗಮನಾರ್ಹ.

ಆಟಿಸಂಗೂ ದೈವಭಕ್ತಿಗೂ ಸಹಜ ನಂಟಿದೆಯೆಂಬ ಊಹೆಯನ್ನು ಇತ್ತೀಚಿನ ಮನೋವಿಜ್ಞಾನವೂ ಸುಲಭವಾಗಿ ಬೆಂಬಲಿಸುವುದಿಲ್ಲ. ಕೆನಡಾದ ಅರಾ ನೊರೆಂಜಯನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ, ಬೇರೊಬ್ಬರ ಮನಸ್ಸನ್ನು ಊಹಿಸುವ ಶಕ್ತಿ ಕಡಿಮೆಯಿದ್ದವರಲ್ಲಿ ವ್ಯಕ್ತಿರೂಪಿ ದೇವರ ಮೇಲಿನ ನಂಬಿಕೆಯೂ ಕಡಿಮೆಯಿರುವ ಒಲವನ್ನು ತೋರಿಸಿತು. ಮುಂದಿನ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿ ಬಂದಿಲ್ಲ. ನಂಬಿಕೆಗೂ ವ್ರತನಿಯಮಕ್ಕೂ ಇರುವ ಅಂತರವನ್ನು ಇಂಥ ಅಧ್ಯಯನಗಳು ಇನ್ನಷ್ಟು ಎಚ್ಚರದಿಂದ ಗಮನಿಸಬೇಕು.

ಗತಕಾಲದ ಆಟಿಸಂಗೆ ನೆಚ್ಚಬಹುದಾದ ಸಾಕ್ಷ್ಯ ಸಿಕ್ಕಿರುವುದು ಬೇರೆಡೆ. ಸ್ಕಾಟ್ಲೆಂಡಿನ ಬೋರ್ಗ್ ಎಂಬ ಊರಿನ ಜಮೀನ್ದಾರ ಹ್ಯೂ ಬ್ಲೇರ್‌ನ ಮದುವೆಯನ್ನು ಅನೂರ್ಜಿತಗೊಳಿಸಬೇಕೆಂದು ಅವನ ತಮ್ಮ ಹೂಡಿದ ದಾವೆ 1747ರಲ್ಲಿ ಎಡಿನ್‌ಬರೋದ ನ್ಯಾಯಾಲಯದ ಮುಂದೆ ಬಂತು. ಸಾಕ್ಷಿ ನುಡಿದ 29 ಮಂದಿ ನೆರೆಹೊರೆಯವರು, ಅವನು ಚರ್ಚಿನಲ್ಲಿ ಸದಾ ಅದೇ ಜಾಗದಲ್ಲಿ ಕೂರುವುದನ್ನು, ಹಕ್ಕಿಗರಿ ಮತ್ತು ಕಡ್ಡಿಗಳನ್ನು ಕೂಡಿಡುವುದನ್ನು, ಕೇಳಿದ ಮಾತನ್ನೇ ತಿರುಗಿ ಹೇಳುವುದನ್ನು ತಾವು ಕಂಡಂತೆ ವಿವರಿಸಿದರು. ನ್ಯಾಯಾಧೀಶರು ಬರಹದಲ್ಲಿ ಪ್ರಶ್ನೆ ಕೊಟ್ಟಾಗ ಅವನು ಪ್ರಶ್ನೆಯನ್ನೇ ನಕಲು ಮಾಡಿಕೊಟ್ಟ. ಇತಿಹಾಸಕಾರ ರ‍್ಯಾಬ್ ಹೂಸ್ಟನ್ ಜೊತೆ ಸೇರಿ ಈ ಕಡತವನ್ನು ಪರಿಶೀಲಿಸಿ 2000ದಲ್ಲಿ ಪುಸ್ತಕ ಬರೆದವರು ಅದೇ ಊಟಾ ಫ್ರಿತ್. ಮಹಿಮೆ ಸಾರುವ ಉದ್ದೇಶವಿಲ್ಲದ ಈ ಸಾಕ್ಷ್ಯದ ಮುಂದೆ ಜೂನಿಪರ್‌ನ ಕತೆಗಳು ಪುರಾವೆಯಾಗಿ ನಿಲ್ಲುವುದಿಲ್ಲ. ಸನ್ಯಾಸ ಮತ್ತು ಆಟಿಸಂ ನಡುವಿನ ನಂಟು ಎಂದಾದರೂ ಖಚಿತವಾಗುವುದಿದ್ದರೆ ಅದು ಮಠಗಳ ಲೆಕ್ಕಪತ್ರ, ದೂರುಪತ್ರ, ಶಿಸ್ತುಕ್ರಮದ ದಾಖಲೆಗಳಿಂದಲೇ ಹೊರತು ಸಂತರ ಮಹಿಮಾಗ್ರಂಥಗಳಿಂದಲ್ಲ.

ಗತಕಾಲದ ಮಾತು ಹಾಗಿರಲಿ, ಇಂದು ಭಾರತದಲ್ಲಿ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಕರ್ನಾಟಕದಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಆಟಿಸಂ ಇರಬಹುದಾದ ಮಕ್ಕಳ ತಪಾಸಣೆ ನಡೆಸುತ್ತವೆ. ಹೆಸರು ಹಿಡಿದು ಕರೆದರೆ ತಿರುಗದ, ಮಾತು ತಡವಾದ ಮಗುವನ್ನು ದೈವಾಂಶವೆಂದೋ ಶಾಪವೆಂದೋ ಹೇಳಿ ಕಾಲ ಕಳೆಯದೆ ಎರಡು ವರ್ಷ ತುಂಬುವುದರೊಳಗೆ ಅಲ್ಲಿಗೆ ಕರೆದೊಯ್ಯಬೇಕು.