ಬಿಭಾ ಎಂಬ ನಕ್ಷತ್ರ, ಸಂತಮಸವೆಂಬ ಗ್ರಹ

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕಿಳಿದು ನಾನಾ ಚೌಕ್, ಕೆಂಪ್ಸ್ ಕಾರ್ನರ್ ದಾಟಿದರೆ ಪೆಡ್ಡರ್ ರೋಡ್. ಅಲ್ಲಿನ ಕೆನಿಲ್‌ವರ್ತ್ ಎಂಬ ಬಂಗಲೆಯಲ್ಲಿ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಮುಂಬಯಿಯ ತನ್ನ ಮೊದಲ ಬಿಡಾರ ಹೂಡಿತು. ಅದಕ್ಕೆ ಮೊದಲು ಕೆಲವು ತಿಂಗಳು ಅದಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ನಮ್ಮ ಹಾಗೆಯೇ ಆ ಕಡೆಯಿಂದ ಮುಂಬಯಿಗೆ ಬಂದದ್ದು ಅನ್ನಿ. 1949ರಲ್ಲಿ ಸಂಸ್ಥೆ ಗೇಟ್‌ವೇ ಬಳಿಯ ಯಾಟ್ ಕ್ಲಬ್ ಕಟ್ಟಡಕ್ಕೆ ಹೋಯಿತು. ಅದೇ ವರ್ಷ ಅಲ್ಲಿ ಕೆಲಸಕ್ಕೆ ಸೇರಿದವರು ಬಿಭಾ ಚೌಧುರಿ, ಸಂಸ್ಥೆಯ ಮೊದಲ ಮಹಿಳಾ ಸಂಶೋಧಕಿ. ಈಗ ಅವರ ಹೆಸರಿನಲ್ಲೊಂದು ನಕ್ಷತ್ರವಿದೆ. ಅದನ್ನು ಒಂದು ಅನಿಲ ಗ್ರಹ ಸುತ್ತುತ್ತಿದೆ.

ನಕ್ಷತ್ರದ ಪಟ್ಟಿಯ ಹೆಸರು ಎಚ್‌ಡಿ 86081. ದೂರ ಸುಮಾರು 340 ಜ್ಯೋತಿರ್ವರ್ಷ. ಇಂದು ನಮಗೆ ತಲಪುವ ಅದರ ಬೆಳಕು ಹೊರಟಾಗ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಗ್ರಹದ ತೂಕ ಕಡಿಮೆಯೆಂದರೂ ಗುರುಗ್ರಹದ ಒಂದೂವರೆ ಪಟ್ಟು. ಬುಧನಿಗೆ ಸೂರ್ಯನನ್ನು ಸುತ್ತಲು 88 ದಿನ ಬೇಕು. ಇದಕ್ಕೆ ಸಾಕಾಗುವುದು ಎರಡು ದಿನ ಮೂರು ಗಂಟೆ! ಅಷ್ಟು ಹತ್ತಿರದಲ್ಲಿ ಕುದಿಯುತ್ತಿರುವ ಗ್ರಹ.

ಇಷ್ಟೆಲ್ಲ ಗೊತ್ತಿದ್ದರೂ ಅದನ್ನು ಕಂಡವರು ಯಾರೂ ಇಲ್ಲ. ಗ್ರಹ ತಿರುಗುವಾಗ ನಕ್ಷತ್ರವನ್ನೂ ಅಷ್ಟಿಷ್ಟು ಜಗ್ಗುತ್ತದೆ. ನಕ್ಷತ್ರ ನಮ್ಮತ್ತ ಬಂದಾಗ ಬೆಳಕು ತುಸು ನೀಲಿಯತ್ತ, ದೂರ ಸರಿದಾಗ ತುಸು ಕೆಂಪಿನತ್ತ ಜರುಗುತ್ತದೆ. ಆ ಓಲಾಟವನ್ನು ಅಳೆದೇ 2006ರಲ್ಲಿ ಗ್ರಹವನ್ನು ಪತ್ತೆಹಚ್ಚಿದ್ದು.

2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ದೇಶಕ್ಕೊಂದು ನಕ್ಷತ್ರ, ಒಂದು ಗ್ರಹ ಕೊಟ್ಟು ಹೆಸರಿಡಲು ಹೇಳಿತು. ಭಾರತದ ಪಾಲಿಗೆ ಬಂದದ್ದು ಈ ಜೋಡಿ. ಸೂರತ್‌ನ ಕಾಲೇಜು ವಿದ್ಯಾರ್ಥಿಯೊಬ್ಬರು ಸೂಚಿಸಿದ 'ಬಿಭಾ' ನಕ್ಷತ್ರಕ್ಕೆ ಬಂತು. ಬಂಗಾಳಿಯಲ್ಲಿ ಬೆಳಕಿನ ಕಿರಣ ಎಂದರ್ಥ. ಪುಣೆಯ ಹದಿಮೂರರ ಹುಡುಗನೊಬ್ಬ ಸೂಚಿಸಿದ 'ಸಂತಮಸ' ಗ್ರಹಕ್ಕೆ ಬಂತು. ಅದರ ವಾತಾವರಣ ಮೋಡ ಕವಿದಂತಿದ್ದೀತೆಂಬ ಕಲ್ಪನೆಯಲ್ಲಿ ಇಟ್ಟ ಸಂಸ್ಕೃತ ಪದ. ಕನ್ನಡ ನಿಘಂಟಿನಲ್ಲೂ ಸಂತಮಸವಿದೆ, ಕಗ್ಗತ್ತಲೆ ಎಂಬ ಅರ್ಥದಲ್ಲಿ.

ಬಿಭಾ ಅವರ ಬದುಕನ್ನು ಓದಿದವರಿಗೆ ಈ ಕತ್ತಲೆ ಬೇರೆಯೇ ಅರ್ಥ ಕೊಡುತ್ತದೆ. ಕೋಲ್ಕತ್ತೆಯಲ್ಲಿ ಡಿ.ಎಂ. ಬೋಸ್ ಜೊತೆ ಅವರು ಛಾಯಾಚಿತ್ರ ಫಲಕಗಳನ್ನು ಡಾರ್ಜಿಲಿಂಗ್ ಸೀಮೆಯ ಎತ್ತರದ ಬೆಟ್ಟಗಳಲ್ಲಿಟ್ಟು, ವಿಶ್ವಕಿರಣಗಳು ಅವುಗಳ ಮೇಲೆ ಬಿಟ್ಟ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿದರು. ಕಣ ಕಾಣದು, ಗೆರೆ ಕಾಣುತ್ತದೆ. ಮೆಸಾನ್ ಎಂಬ ಕಣದ ಗುರುತು ಅವರಿಗೆ ಸಿಕ್ಕಿತು. 1940ರ ದಶಕದ ಆರಂಭದಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನಗಳು ಬಂದವು. ಆದರೆ ಯುದ್ಧಕಾಲ, ಉತ್ತಮ ಫಲಕಗಳು ಸಿಗಲಿಲ್ಲ, ಕೆಲಸ ನಿಂತಿತು. ಉತ್ತಮ ಫಲಕಗಳೊಂದಿಗೆ ಅದೇ ಹಾದಿಯಲ್ಲಿ ನಡೆದು ಪಯಾನ್ ಕಂಡುಹಿಡಿದ ಸೆಸಿಲ್ ಪೊವೆಲ್‌ಗೆ 1950ರ ನೊಬೆಲ್ ಸಂದಿತು. ಬಿಭಾ ಅವರನ್ನು ನಮ್ಮ ವಿಜ್ಞಾನ ಅಕಾಡೆಮಿಗಳೂ ಸದಸ್ಯೆಯಾಗಿ ಆರಿಸಲಿಲ್ಲ. ಫಲಕ ಸಿಗದಿದ್ದುದಕ್ಕೆ ಯುದ್ಧವನ್ನು ದೂರಬಹುದು, ಇದಕ್ಕೆ ಯಾರನ್ನು ದೂರೋಣ?

ಅವರು ಮುಂದೆ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲೂ ತೊಡಗಿದ್ದರು. ಆ ಗಣಿಗೆ ವಿಶ್ವಕಿರಣ ಅಳೆಯಲು ಮೊದಲಿಗೆ, 1951ರಲ್ಲಿ ಇಳಿದವರು ನಂಜನಗೂಡಿನ ಬಿ.ವಿ. ಶ್ರೀಕಂಠನ್, ಮುಂದೆ ಟಿಐಎಫ್‌ಆರ್‌ನ ನಿರ್ದೇಶಕರಾದರು. ನಮ್ಮವರ ಬೆವರು ಬಿದ್ದ ಆ ಸುರಂಗಗಳಲ್ಲಿ 1965ರಲ್ಲಿ ನ್ಯೂಟ್ರಿನೊಗಳ ಜಾಡೂ ಸಿಕ್ಕಿತು. ಬಿಭಾ 1991ರಲ್ಲಿ ತೀರಿಕೊಂಡರು; ನಕ್ಷತ್ರಕ್ಕೆ ಹೆಸರು ಬಂದದ್ದು ಅದಾಗಿ 28 ವರ್ಷಕ್ಕೆ.

ಬಿಭಾ ನಕ್ಷತ್ರ ಬರಿಗಣ್ಣಿಗೆ ಕಾಣದು, ಮುಂಬಯಿಯ ದೀಪಗಳ ನಡುವೆಯಂತೂ ಇಲ್ಲವೇ ಇಲ್ಲ. ಏಪ್ರಿಲ್ ರಜೆಗೆ ಊರಿಗೆ ಹೋಗುವಾಗ ಬೈನಾಕ್ಯುಲರ್ ಒಯ್ಯಿರಿ. ಅಮಾವಾಸ್ಯೆಯ ಆಸುಪಾಸು ರಾತ್ರಿ ಒಂಬತ್ತಕ್ಕೆ ಸಿಂಹರಾಶಿಯ ಮಖಾ ನಕ್ಷತ್ರ ನೆತ್ತಿಯ ಬಳಿ ಇರುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ಚಾಚಿದ ಕೈಯ ಒಂದೂವರೆ ಮುಷ್ಟಿ ದೂರದಲ್ಲಿ, ನಕ್ಷೆ ಹಿಡಿದು ತಾಳ್ಮೆಯಿಂದ ಹುಡುಕಬೇಕು.