ಮಳೆಗಾಲದಲ್ಲಿ ಮಾಗುವ ಹುಳಿ

ಶಿರಸಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ನಾವು ಉಪ್ಪಾಗೆ ಸಿಪ್ಪೆ ಒಣಗಿಸಿ ಕಿಲೋ ಲೆಕ್ಕದಲ್ಲಿ ಮಾರುವವರು. ಅದರದ್ದೇ ಮಾತ್ರೆ ಬೊಜ್ಜು ಕರಗಿಸುತ್ತದೆ ಎಂದು ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. ಮನೆಯಲ್ಲೇ ಸಿಪ್ಪೆ ಕುದಿಸಿ ಕುಡಿದರೆ ಸಾಲದೇ?’

ಕುದಿಸಿ ಕುಡಿದರೂ ಬೊಜ್ಜು ಕರಗುವುದಿಲ್ಲ, ಮಾತ್ರೆ ನುಂಗಿದರೂ ಕರಗುವುದಿಲ್ಲ. ಆದರೆ ಈ ನಂಬಿಕೆಯ ಬೇರು ಒಳ್ಳೆಯ ವಿಜ್ಞಾನದಲ್ಲೇ ಇದೆ, ಅದೂ ನಮ್ಮ ಮೈಸೂರಿನ ಪ್ರಯೋಗಾಲಯದಲ್ಲಿ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಉಪ್ಪಾಗೆ ಪಶ್ಚಿಮಘಟ್ಟದ ಹುಳಿಹಣ್ಣಿನ ಮರ. ಅಲ್ಲೇ ಅದಕ್ಕೆ ಹತ್ತಿರದ ಬಂಧು ಒಂದಿದೆ. ಉತ್ತರ ಕನ್ನಡದಲ್ಲಿ ಅದಕ್ಕೆ ಮುರುಗಲು, ತುಳುನಾಡಿನಲ್ಲಿ ಪುನರ್ಪುಳಿ. ಎರಡೂ ಗಾರ್ಸಿನಿಯಾ ಕುಲದವು, ಸಸ್ಯಶಾಸ್ತ್ರದ ಪ್ರಕಾರ ಎರಡರ ಹಣ್ಣೂ ಬೆರಿ. ಆದರೆ ಮುರುಗಲು ಹಣ್ಣಾಗುವುದು ಏಪ್ರಿಲ್–ಮೇ ಬಿಸಿಲಿನಲ್ಲಿ, ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಈ ಒಂದು ವ್ಯತ್ಯಾಸದಿಂದ ಕೆಡದಂತೆ ಇಡುವ ವಿಧಾನವೇ ಬೇರೆಯಾಗಿದೆ.

ಮುರುಗಲಿನದು ಅಂಗಳದ ಕೆಲಸ. ಕಡುಕೆಂಪು ಹಣ್ಣನ್ನು ಸೀಳಿ, ಬೀಜ ಮತ್ತು ತಿರುಳು ಬೇರೆ ಮಾಡಿ, ಸಿಪ್ಪೆಯನ್ನು ಬಿಸಿಲಿಗೆ ಹರಡುತ್ತಾರೆ. ಸಂಜೆ ಅದನ್ನು ಉಪ್ಪು ಬೆರೆಸಿದ ತಿರುಳಿನ ರಸದಲ್ಲಿ ಅದ್ದಿ ಮರುದಿನ ಮತ್ತೆ ಒಣಗಿಸುತ್ತಾರೆ. ಅದ್ದುವುದು, ಒಣಗಿಸುವುದು ಹೀಗೇ ಕೆಲವು ದಿನ ನಡೆಯುತ್ತದೆ. ಪ್ರತಿ ಸಲವೂ ನೀರು ಆರಿ ಹೋಗುತ್ತದೆ, ಹುಳಿ ಮತ್ತು ಬಣ್ಣ ಸಿಪ್ಪೆಯಲ್ಲೇ ಉಳಿಯುತ್ತವೆ. ಕೊನೆಗೆ ಸಿಪ್ಪೆ ಕಪ್ಪಾಗಿ, ಬೆರಳಿಗೆ ಅಂಟುವಷ್ಟು ಜಿಗುಟಾಗಿ, ಮಡಚಿದರೆ ಮುರಿಯದೆ ಬಾಗುತ್ತದೆ. ಅಷ್ಟು ಹುಳಿ, ಅಷ್ಟು ಉಪ್ಪು, ಅಷ್ಟು ಕಡಿಮೆ ನೀರು ಇರುವಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಮುರುಗಲು ಶರಬತ್ತಿನ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಶರಬತ್ತಿನ ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ಮಕ್ಕಳಿಗೆ ತೋರಿಸಿ. ಹುಳಿ ತಗ್ಗುತ್ತಿದ್ದಂತೆ ಕೆಂಪು ನೇರಳೆಗೆ ತಿರುಗುತ್ತದೆ, ಸೋಡಾ ಹೆಚ್ಚಾದರೆ ನೀಲಿಯತ್ತ ಹೋಗುತ್ತದೆ.

ಉಪ್ಪಾಗೆಗೆ ಬಿಸಿಲಿನ ಭಾಗ್ಯವಿಲ್ಲ. ಗೀರುಗೀರಿನ ಹಳದಿ ಹಣ್ಣು ಉದುರುವ ಹೊತ್ತಿಗೆ ಮಲೆನಾಡಿನಲ್ಲಿ ಬಟ್ಟೆ ಒಣಗುವುದೂ ಕಷ್ಟ. ಸಿಪ್ಪೆಯನ್ನು ಎರಡು ದಿನ ಹಾಗೇ ಬಿಟ್ಟರೆ ಬೂಸಲು ಹಿಡಿಯುತ್ತದೆ. ಆದ್ದರಿಂದ ಒಲೆಯ ಮೇಲೆ ತಟ್ಟಿ ಕಟ್ಟಿ, ಕೆಳಗೆ ಬೆಂಕಿ ಹಾಕಿ, ಹೊಗೆಯಲ್ಲೇ ಒಣಗಿಸುತ್ತಾರೆ. ಶಾಖ ನೀರನ್ನು ಎಳೆದರೆ, ಬೂಸಲನ್ನು ತಡೆಯುವ ಫೀನಾಲ್‌ಗಳು ಹೊಗೆಯಿಂದ ಬಂದು ಸಿಪ್ಪೆಗೆ ಹತ್ತುತ್ತವೆ. ಕೇರಳದವರ ಮೀನುಸಾರಿಗೆ ಬೀಳುವ ಕುಡಂಪುಳಿ ಇದೇ. ಕೊಡಗಿನವರು ಮಾತ್ರ ಇನ್ನೊಂದು ದಾರಿ ಹಿಡಿದರು. ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೊಳೆತು ಇಳಿಯುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ. ಅದೇ ಕಾಚಂಪುಳಿ. ಪಂದಿ ಕರಿಗೆ ಅದಿಲ್ಲದೆ ರುಚಿಯೇ ಬರುವುದಿಲ್ಲ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಇಷ್ಟೊಂದು ಹುಳಿ ಯಾವ ಆಮ್ಲದ್ದು? ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳದ್ದು ಎಂದೇ ಬಹಳ ಕಾಲ ನಂಬಿದ್ದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಈ ಹುಳಿಯನ್ನು ಶುದ್ಧ ಮಾಡಿ ಪರೀಕ್ಷಿಸಿ, 1965ರಲ್ಲಿ ಬೇರೆಯದೇ ಉತ್ತರ ಪ್ರಕಟಿಸಿದರು: ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಕ್ಕೂ ಇದಕ್ಕೂ ಇರುವ ಅಂತರ ಒಂದೇ ಒಂದು ಆಕ್ಸಿಜನ್ ಪರಮಾಣು. ಒಣಸಿಪ್ಪೆಯ ತೂಕದಲ್ಲಿ ಶೇಕಡಾ 10ರಿಂದ 30ರಷ್ಟು ಈ ಆಮ್ಲವೇ ಇರುತ್ತದೆ. ಮುರುಗಲಿನಲ್ಲೂ ಇದೆ.

ಆ ಒಂದು ಪರಮಾಣು ಮಾಡುವ ಕೆಲಸ ನೋಡಿ. ನಾವು ಅನ್ನ, ಸಕ್ಕರೆ ಮಿತಿಮೀರಿ ತಿಂದಾಗ ಹೆಚ್ಚಾದದ್ದರಲ್ಲಿ ಸ್ವಲ್ಪ ಭಾಗ ಜೀವಕೋಶದಲ್ಲಿ ಸಿಟ್ರೇಟ್ ಆಗುತ್ತದೆ. ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ತುಂಡು ಮಾಡುತ್ತದೆ, ಆ ತುಂಡುಗಳಿಂದ ಕೊಬ್ಬು ತಯಾರಾಗುತ್ತದೆ. ಉಪ್ಪಾಗೆಯ ಆಮ್ಲ ಸಿಟ್ರೇಟಿನಂತೆಯೇ ಕಾಣುವುದರಿಂದ ಕಿಣ್ವ ಅದನ್ನೂ ಹಿಡಿಯುತ್ತದೆ, ಆದರೆ ತುಂಡು ಮಾಡಲಾಗುವುದಿಲ್ಲ. ಅಡಕತ್ತರಿಯ ಬಾಯಿಗೆ ಅಡಕೆಯ ಬದಲು ಕಲ್ಲು ಸಿಕ್ಕಿಕೊಂಡಂತೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು 1969ರಿಂದ ಇದನ್ನು ತೋರಿಸುತ್ತ ಬಂದರು. ಇಲಿಗಳ ಮೈಯಲ್ಲಿ ಹೊಸ ಕೊಬ್ಬು ತಯಾರಾಗುವುದು ನಿಜಕ್ಕೂ ಕಡಿಮೆಯಾಯಿತು. ಅಡುಗೆಮನೆಯ ಹುಳಿಯೊಂದು ಕಿಣ್ವವನ್ನು ಇಷ್ಟು ಕರಾರುವಾಕ್ಕಾಗಿ ತಡೆಯುತ್ತದೆ ಎಂಬುದು ನನಗೆ ಎಷ್ಟು ಸಲ ಓದಿದರೂ ರೋಮಾಂಚನ ತರುವ ಸಂಗತಿ.

ಮಾತ್ರೆ ಮಾರುವವರು ಹಾರಿಸಿಬಿಡುವುದು ಇದರ ಮುಂದಿನ ಮಾತನ್ನು. ಈ ಕಿಣ್ವದ ಕೆಲಸ ಹೊಸ ಕೊಬ್ಬಿನದು. ಸೊಂಟದಲ್ಲಿ ಈಗಾಗಲೇ ಕೂತಿರುವ ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಮೈಯ ಬೊಜ್ಜಿನ ಬಹುಪಾಲು ಎಣ್ಣೆ, ತುಪ್ಪದಿಂದ ನೇರವಾಗಿ ಬಂದದ್ದು, ಸಕ್ಕರೆಯಿಂದ ಹೊಸದಾಗಿ ತಯಾರಾದದ್ದು ಕಡಿಮೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವಿವರ ಬಂತು. ತೂಕ ಹೆಚ್ಚಿದ್ದ 135 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಇನ್ನೊಂದು ಗುಂಪಿಗೆ ಔಷಧಿಯೇ ಇಲ್ಲದ ಹುಸಿಮಾತ್ರೆ. 12 ವಾರ ಕಳೆದ ಮೇಲೆ ಎರಡೂ ಗುಂಪು ಪಥ್ಯದಿಂದ ಸ್ವಲ್ಪ ಇಳಿದಿದ್ದವು, ಉಪ್ಪಾಗೆ ತಿಂದವರಿಗೆ ಅದರಿಂದ ವಿಶೇಷ ಲಾಭವೇನೂ ಆಗಿರಲಿಲ್ಲ. ಅದರ ಮೇಲೆ, ಇಂಥ ಮಾತ್ರೆ ನುಂಗಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಸಾರಿಗೆ ಹಾಕುವ ನಾಲ್ಕು ಸಿಪ್ಪೆಗೆ ಯಾರೂ ಹೆದರಬೇಕಿಲ್ಲ. ಆದರೆ ‘ಗಿಡಮೂಲಿಕೆ, ಏನೂ ಆಗುವುದಿಲ್ಲ’ ಎಂದು ಮುಷ್ಟಿಗಟ್ಟಲೆ ನುಂಗುವುದು ಶುದ್ಧ ಮೌಢ್ಯ.

ಕೊಬ್ಬು ಕರಗಿಸುವುದೆಂದು ಹೆಸರಾದ ಈ ಹಣ್ಣಿನ ಬೀಜದಲ್ಲಿ ಧಾರಾಳ ಕೊಬ್ಬಿದೆ! ಒಣಗಿದ ಬೀಜ ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ, ಆರಿದಾಗ ಹೆಪ್ಪುಗಟ್ಟುತ್ತದೆ. ಅದೇ ಉಪ್ಪಾಗೆ ತುಪ್ಪ. ಮಲೆನಾಡಿನ ಹಲವು ಮನೆಗಳಲ್ಲಿ ಅಡುಗೆಗೂ ಬಳಸುತ್ತಾರೆ. ಮುರುಗಲ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ಹೆಚ್ಚು.

ಮಾತ್ರೆಯ ಬೇಡಿಕೆಯಿಂದ ಕಾಡಿಗೆ ಆದ ಹಾನಿ ದೊಡ್ಡದು. 1990ರ ದಶಕದಲ್ಲಿ ಸಿಪ್ಪೆಯ ಬೆಲೆ ಏರಿದಾಗ, ಬೇರೆಯವರು ಕೀಳುವ ಮೊದಲು ನಾವೇ ಕೀಳಬೇಕೆಂಬ ಆತುರ ಹುಟ್ಟಿತು. ಹಸಿರು ಕಾಯಿಯನ್ನೇ ಉದುರಿಸಿದರು, ಕೊಂಬೆ ಸಮೇತ ಕಡಿದರು, ಒಣಗಿಸಲು ಕಾಡಿನ ಕಟ್ಟಿಗೆಯನ್ನೇ ಉರಿಸಿದರು. ಉಪ್ಪಾಗೆಯಲ್ಲಿ ಗಂಡುಮರ, ಹೆಣ್ಣುಮರ ಬೇರೆಬೇರೆ. ಕಾಯಿ ಬಿಡುವುದು ಹೆಣ್ಣುಮರವಾದ್ದರಿಂದ ಕೊಡಲಿ ಬೀಳುವುದೂ ಅದಕ್ಕೇ. ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು, ಮೊಳೆತ ಸಸಿ ಹೆಣ್ಣೋ ಗಂಡೋ ಎಂದು ತಿಳಿಯಲು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಶಿರಸಿ–ಹೊನ್ನಾವರದ ಕಾಡಿನ ಸಿಂಗಳೀಕಗಳಿಗೂ ಈ ಹಣ್ಣು ಆಹಾರ.

ಆದ್ದರಿಂದ ಪತ್ರ ಬರೆದ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಹಣ್ಣು ಹಳದಿಯಾಗುವವರೆಗೆ ಕಾಯಿರಿ, ಉದುರಿದ್ದನ್ನು ಆರಿಸಿ, ಮರದಲ್ಲೂ ಒಂದು ಪಾಲು ಬಿಡಿ. ತೋಟದ ಅಂಚಿನಲ್ಲಿ ಜಾಗವಿದ್ದರೆ ಹೆಣ್ಣುಮರದ ಕಸಿಗಿಡ ನೆಡಿ. ಬೀಜದ ಸಸಿಗಿಂತ ಅದು ಎಷ್ಟೋ ಬೇಗ ಫಲ ಕೊಡುತ್ತದೆ, ಹೆಣ್ಣೋ ಗಂಡೋ ಎಂದು ಕಾಯುವ ಕೆಲಸವೂ ಇರುವುದಿಲ್ಲ.